ಬೊನೆಟ್ಟಿ ಹೆಸರಿನ ಹಂಚು

ಖಾನಾಪುರದಲ್ಲಿ ಮಲಪ್ರಭೆಯ ದಂಡೆಯಿಂದ ಸ್ವಲ್ಪ ಮೇಲೆ, ಹಂಚಿನ ಭಟ್ಟಿಯ ಹಿಂದಿನ ಹಿತ್ತಲಲ್ಲಿ, ಮನೆಯಿಲ್ಲದ ಒಂದು ಛಪ್ಪರ ಇತ್ತು. ಎತ್ತರ ಮೊಳಕಾಲಿನಷ್ಟು. ಎರಡೂ ಬದಿಗೆ ಇಳಿಜಾರು, ಒಂದರ ಮೇಲೊಂದು ಹೊದಿಸಿದ ಕೆಂಪು ಹಂಚು. ಕೆಳಗೆ ಗೋಡೆ ಇಲ್ಲ, ಬಾಗಿಲು ಇಲ್ಲ. ದೂರದಿಂದ ನೋಡಿದವರಿಗೆ ಯಾವುದೋ ಮನೆ ಮೆಲ್ಲಗೆ ಭೂಮಿಯೊಳಗೆ ಇಳಿದುಹೋಗಿ ನೆತ್ತಿಯೊಂದೇ ಉಳಿದಂತೆ ಕಾಣುತ್ತಿತ್ತು. ಅದರ ಕೆಳಗೆ ಕಲ್ಲು ಕಟ್ಟುವ ಇಟಲಿಯ ಒಬ್ಬ ಗವಂಡಿಯನ್ನು ಹೂಳಿದ್ದರು. ಪ್ರತಿ ಹಂಚಿನ ಬೆನ್ನ ಮೇಲೂ ಅವನ ಮನೆತನದ ಹೆಸರು ಏಳು ಇಂಗ್ಲಿಷ್ ಅಕ್ಷರಗಳಲ್ಲಿ ಉಬ್ಬಿಕೊಂಡಿತ್ತು: ಬೊನೆಟ್ಟಿ.

೧೯೨೭ರ ಹೊತ್ತಿಗೆ ಖಾನಾಪುರದಲ್ಲಿ ಆ ಹೆಸರು ಹೊತ್ತವರು ಹನ್ನೊಂದು ಮಂದಿ. ಒಬ್ಬರೂ ಇಟಲಿಯವರಲ್ಲ. ಎಲ್ಲರೂ ಬಸವಣ್ಣನ ದಾರಿಯ ಕುಂಬಾರರು, ಕೊರಳಲ್ಲಿ ಲಿಂಗ ಕಟ್ಟಿದವರು. ಈ ಸೀಮೆಯಲ್ಲಿ ಅಡ್ಡಹೆಸರು ಬರುವುದೇ ಹಾಗೆ. ಮೆಣಸಿನಕಾಯಿ ಮಾರಿದವನ ಮೊಮ್ಮಗ ಮೆಣಸಿನಕಾಯಿ ಆಗುತ್ತಾನೆ, ಹುಣಸೆಮರದ ಬಾಜೂಕೆ ಮನೆ ಕಟ್ಟಿದವನು ಹುಣಸಿಮರದ ಆಗುತ್ತಾನೆ. ಊರು ಕರೆದದ್ದೇ ಹೆಸರು. ಹೊರುವವರನ್ನು ಯಾರೂ ಕೇಳುವುದಿಲ್ಲ. ಬೊನೆಟ್ಟಿ ಭಟ್ಟಿಯಲ್ಲಿ ಹಂಚು ಮಾಡುವವರು ಬೊನೆಟ್ಟಿಯವರಾದರು. ಸಾಲೆಯಲ್ಲಿ ಹೆಸರು ಬರೆದುಕೊಳ್ಳುವಾಗ ಮಾಸ್ತರರು, ಬೊನೆಟ್ಟಿ ಅನ್ನುವ ಊರು ಯಾವ ತಾಲೂಕಿನಲ್ಲಿದೆ ಎಂದು ಮನೆಯ ಹಿರಿಯ ಹುಡುಗಿಯನ್ನು ಕೇಳಿದ್ದರು. ಘಟ್ಟದ ಕೆಳಗೆ ಇದೆ ಎಂದು ಅವಳು ಹೇಳಿದಳು. ಮಾಸ್ತರರು ಬರೆದುಕೊಂಡರು.

ಆ ಹುಡುಗಿಯ ತಾಯಿ ಅಕ್ಕವ್ವ. ಆಗ ಅವಳಿಗೆ ಮೂವತ್ತೊಂಬತ್ತು. ಭಟ್ಟಿ ನಡೆಯುತ್ತಿದ್ದದ್ದು ಅವಳ ಮಾತಿನ ಮೇಲೆ. ಮಣ್ಣು ಕೊಳೆತು ಹದವಾಯಿತೇ ಎಂದು ಹೆಬ್ಬೆರಳಿನಿಂದ ಒತ್ತಿ ಹೇಳುವವಳು ಅವಳು. ಹೊಗೆಯ ಬಣ್ಣ ನೋಡಿ ಕಟ್ಟಿಗೆ ಸಾಕು ಎನ್ನುವವಳೂ ಅವಳೇ. ಓದು ಬಾರದು. ಆದರೆ ಹಂಚಿನ ಅಚ್ಚಿನ ತಳಕ್ಕೆ ಬಡಿದ ಕಬ್ಬಿಣದ ತಗಡಿನಲ್ಲಿ ಕೊರೆದ ಆ ಏಳು ಅಕ್ಷರಗಳನ್ನು ಅವಳ ಬೆರಳು ಬಲ್ಲದು. ದಿನಕ್ಕೆ ಇನ್ನೂರು ಸಲ ಅವುಗಳ ಮೇಲೆ ಮಣ್ಣು ಒತ್ತಿದ ಬೆರಳು ಅದು. ಆ ತಗಡು ಇಟಲಿಯಿಂದ ಬಂದದ್ದು. ಅಚ್ಚಿನ ಕಟ್ಟಿಗೆ ಮೂರು ಸಲ ಬದಲಾಗಿತ್ತು, ತಗಡು ಬದಲಾಗಿರಲಿಲ್ಲ.

ಅವಳ ಗಂಡ ಭರಮಪ್ಪ ನಂದಗಡದವನು, ಮನೆಅಳಿಯನಾಗಿ ಬಂದವನು. ಬಂದ ಮೇಲೆ ಅವನ ಸ್ವಂತ ಅಡ್ಡಹೆಸರು ಊರಿನ ಬಾಯಲ್ಲಿ ಒಂದು ಮಳೆಗಾಲವೂ ಉಳಿಯಲಿಲ್ಲ. ಮದುವೆಯಲ್ಲಿ ಹೆಣ್ಣು ಒಂದೇ ಬರುತ್ತದೆ ಅಂದುಕೊಂಡಿದ್ದೆ, ಜೊತೆಗೆ ಸಾಹೇಬನೂ ಬಂದ ಎಂದು ಅವನು ಸಂತೆಯಲ್ಲಿ ಹೇಳಿ ನಗಿಸುತ್ತಿದ್ದ.

ಆ ಸಾಹೇಬ ಪಿಯೆತ್ರೋ ಬೊನೆಟ್ಟಿ. ಊರು ಅವನನ್ನು ಪೇತ್ರಪ್ಪ ಎಂದು ಕರೆಯಿತು. ಬ್ರೆಷಾ ಎಂಬ ಶಹರದ ಮೇಲಿನ ಬೆಟ್ಟದ ಹಳ್ಳಿಯವನು. ಘಟ್ಟ ಕೊರೆದು ಗೋವೆಯ ಕಡೆಗೆ ರೇಲ್ವೆ ಹಾಕುವಾಗ ಸುರಂಗಗಳಿಗೆ ಕಲ್ಲಿನ ಕಮಾನು ಕಟ್ಟಲು ಬಂದಿದ್ದ. ಹಳಿ ಮುಗಿದ ಮೇಲೆ ಜೊತೆಯವರು ಹಡಗು ಹತ್ತಿದರು. ಅವನು ಖಾನಾಪುರದಲ್ಲಿ ಇಳಿದು, ನದಿಯ ದಂಡೆಯ ಮಣ್ಣನ್ನು ಅಂಗೈಯಲ್ಲಿ ಉಂಡೆ ಮಾಡಿ, ಮೂಸಿ, ನಾಲಿಗೆಗೆ ಹಚ್ಚಿ ನೋಡಿದ. ಅದನ್ನು ನೋಡುತ್ತ ನಿಂತಿದ್ದವನು ಕುಂಬಾರ ಮಾಯಪ್ಪ, ಅಕ್ಕವ್ವನ ತಂದೆ. ಮಣ್ಣನ್ನು ತಿಂದು ನೋಡುವ ಬಿಳಿಯ ಮನುಷ್ಯನನ್ನು ಅವನು ಅದೇ ಮೊದಲು ಕಂಡದ್ದು. ಮನೆಗೆ ಕರೆದುಕೊಂಡು ಬಂದ. ಮಾಯಪ್ಪನ ಜಾಗದಲ್ಲಿ ಇಬ್ಬರೂ ಸೇರಿ ಭಟ್ಟಿ ಕಟ್ಟಿದರು. ಗಡಿಗೆ ಮಾಡುತ್ತಿದ್ದ ಕೈ ಹಂಚು ಮಾಡತೊಡಗಿತು.

ಪೇತ್ರಪ್ಪ ಮದುವೆಯಾಗಲಿಲ್ಲ. ಮಾಯಪ್ಪನ ಪಡಸಾಲೆಯಲ್ಲೇ ಉಂಡ, ಜೋಳದ ರೊಟ್ಟಿ ಮುರಿಯುವುದನ್ನು ಕಲಿತ, ಅರ್ಧ ಕನ್ನಡ ಅರ್ಧ ಮರಾಠಿ ಆಡಿದ. ಒಂದನ್ನು ಮಾತ್ರ ಕಲಿಯಲಿಲ್ಲ. ಅವನಿಗೆ ನೆಲದ ಮೇಲೆ ಕಾಲು ಮಡಚಿ ಕೂರಲು ಬರುತ್ತಿರಲಿಲ್ಲ. ಕೂತರೆ ಮೊಳಕಾಲೆರಡೂ ಮೇಲೆದ್ದು ನಿಲ್ಲುತ್ತಿದ್ದವು. ಅವನು ಹಿಂದಕ್ಕೆ ಉರುಳುತ್ತಿದ್ದ. ಮನೆಯ ಮಕ್ಕಳು ನಗುತ್ತಿದ್ದರು. ಕೊನೆಗೆ ಮಾಯಪ್ಪ ಒಂದು ದೊಡ್ಡ ಗಡಿಗೆಯನ್ನು ಬೋರಲು ಹಾಕಿ ಕೊಟ್ಟ. ಹತ್ತು ವರ್ಷ ಆ ಗಡಿಗೆಯೇ ಅವನ ಕುರ್ಚಿ. ಬಹಳ ಸಲ ಅದನ್ನೂ ಬಿಟ್ಟು ನಿಂತೇ ಉಣ್ಣುತ್ತಿದ್ದ, ಕಂಬಕ್ಕೆ ಭುಜ ಆನಿಸಿ, ಎಲ್ಲಿಗೋ ಹೊರಟವನಂತೆ.

೧೮೯೯ರ ಆಷಾಢದಲ್ಲಿ ಅವನಿಗೆ ಜ್ವರ ಬಂತು. ಪ್ಲೇಗಿನ ಕಾಲ. ಊರಿನ ಅರ್ಧಕ್ಕರ್ಧ ಜನ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು, ಬೆಳಗಾವಿಯ ದಾರಿಯಲ್ಲಿ ಸರಕಾರದ ಕಾವಲು ಇತ್ತು. ಅವನದು ಪ್ಲೇಗಲ್ಲ, ಘಟ್ಟದಿಂದ ತಂದುಕೊಂಡ ಹಳೆಯ ಚಳಿಜ್ವರ. ಐದನೆಯ ದಿನ ಮುಂಜಾನೆ ತೀರಿಕೊಂಡ. ಪಾದ್ರಿಯನ್ನು ಕರೆತರಲು ಬೆಳಗಾವಿಗೆ ಹೊರಟವನನ್ನು ಕಾವಲಿನವರು ದಾರಿಯಲ್ಲೇ ತಿರುಗಿಸಿದರು. ಎರಡು ದಿನ ಮಳೆ ನಿಲ್ಲಲಿಲ್ಲ. ಇನ್ನು ಕಾಯುವಂತಿರಲಿಲ್ಲ.

ಕ್ರಿಸ್ತರು ಹೇಗೆ ಮಣ್ಣು ಮಾಡುತ್ತಾರೆ ಎಂಬುದು ಮಾಯಪ್ಪನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ ರೀತಿ. ಲಿಂಗವಂತರು ತಮ್ಮವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಪದ್ಮಾಸನ ಹಾಕಿಸಿ, ಹಣೆಗೆ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಉಪ್ಪು ಸುರಿದು ಮಣ್ಣು ಮುಚ್ಚುತ್ತಾರೆ. ಮಾಯಪ್ಪ ಹಿತ್ತಲಲ್ಲಿ ಚೌಕಾದ ಗುಂಡಿ ತೋಡಿಸಿದ. ಪೇತ್ರಪ್ಪನ ಮುಖವನ್ನು ಭಟ್ಟಿಯ ಕಡೆಗೆ ಮಾಡಿ ಕೂರಿಸಿದ. ಅವನ ಕೊರಳಲ್ಲಿದ್ದ ಸಣ್ಣ ಶಿಲುಬೆಯನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಎಡಗಾಲು ಮಡಚಿತು. ಬಲ ಮೊಳಕಾಲು ಮಾತ್ರ ಎಂದಿನಂತೆ ಮೇಲೆದ್ದು ನಿಂತಿತು. ಮಾಯಪ್ಪ ಅದರ ಮೇಲೆ ಅಂಗೈಯಿಟ್ಟು, ಹಸಿ ಮಣ್ಣನ್ನು ಅಚ್ಚಿಗೆ ಒತ್ತುವಂತೆ, ಮೆಲ್ಲಗೆ, ಬಹಳ ಹೊತ್ತು ಒತ್ತಿ ಹಿಡಿದ.

ವಿಭೂತಿಯ ಬಟ್ಟಲು ಹಿಡಿದು ಗುಂಡಿಯ ಅಂಚಿನಲ್ಲಿ ನಿಂತಿದ್ದವಳು ಹನ್ನೊಂದು ವರ್ಷದ ಅಕ್ಕವ್ವ. ಅವಳು ಕಂಡದ್ದು ಆ ಮೊಳಕಾಲು.

ತಿಂಗಳ ಮೇಲೆ ಕಾವಲು ತೆಗೆದಾಗ ಪಾದ್ರಿ ಬಂದು, ದಿಬ್ಬದ ಮೇಲೆ ನೀರು ಚಿಮುಕಿಸಿ, ಮಂತ್ರ ಹೇಳಿ, ಕಟ್ಟಿಗೆಯ ಶಿಲುಬೆ ನೆಟ್ಟುಹೋದರು. ಒಳಗೆ ಹೇಗಿಟ್ಟಿದ್ದೀರಿ ಎಂದು ಅವರು ಕೇಳಲಿಲ್ಲ, ಮಾಯಪ್ಪ ಹೇಳಲಿಲ್ಲ. ಆ ವರ್ಷ ಮಳೆ ಕಳೆದು ಮೊದಲ ಭಟ್ಟಿ ತೆರೆದಾಗ ಅವನು ಮೊದಲು ಕೈಗೆ ಬಂದ ಹಂಚನ್ನು ಮಾರಾಟಕ್ಕೆ ಇಡದೆ ದಿಬ್ಬದ ಮೇಲೆ ಇಟ್ಟ. ಮುಂದಿನ ಭಟ್ಟಿಯದೂ ಹಾಗೆಯೇ. ಅದೇ ಮನೆಯ ಪದ್ಧತಿಯಾಯಿತು. ಕಟ್ಟಿಗೆಯ ಶಿಲುಬೆಯನ್ನು ಗೆದ್ದಲು ತಿಂದಿತು; ಹಂಚು ಬೆಳೆಯುತ್ತ ಹೋಯಿತು. ಮಾಯಪ್ಪ ಹೋದ ಮೇಲೆ ಅಕ್ಕವ್ವ ಇಡತೊಡಗಿದಳು. ೧೯೨೭ರ ಮಾಘದಲ್ಲಿ ಅಲ್ಲಿ ನೂರ ನಲವತ್ತಾರು ಹಂಚುಗಳಿದ್ದವು.

ಅವಳಿಗೆ ಒಂದು ಕನಸು ಬೀಳುತ್ತಿತ್ತು. ವರ್ಷದಲ್ಲಿ ಮೂರೋ ನಾಲ್ಕೋ ಸಲ, ಹೆಚ್ಚಾಗಿ ಮಧ್ಯಾಹ್ನ, ಹಂಚು ಒಣಗುವ ಛಪ್ಪರದ ನೆರಳಲ್ಲಿ ಕಣ್ಣು ಹತ್ತಿದಾಗ. ಪೇತ್ರಪ್ಪ ಮಣ್ಣಿನೊಳಗೆ ಕೂತಿದ್ದಾನೆ. ಸುತ್ತ ಉಪ್ಪು, ಬೆಳದಿಂಗಳಿನ ಹಾಗೆ. ಸಿಟ್ಟಿಲ್ಲ, ನೋವಿಲ್ಲ, ಮೀಸೆಯ ಮೇಲೆ ವಿಭೂತಿ. ಅಕ್ಕವ್ವಾ, ಕಾಲು ಜೋಮು ಹಿಡಿದಾವ ನೋಡು, ಎನ್ನುತ್ತಾನೆ ಅಷ್ಟೇ. ಅವಳು ಮೊಳಕಾಲ ಮೇಲಿನ ಕೈ ತೆಗೆಯಲು ನೋಡುತ್ತಾಳೆ. ಅದು ಅಪ್ಪನ ಕೈಯೋ ತನ್ನ ಕೈಯೋ ತಿಳಿಯುವುದಿಲ್ಲ. ಎಚ್ಚರಾಗುತ್ತದೆ. ಎದುರಿಗೆ ಸಾಲು ಸಾಲು ಹಸಿ ಹಂಚು, ಒಂದೊಂದರ ಬೆನ್ನ ಮೇಲೂ ಅವನ ಹೆಸರು, ಇನ್ನೂ ಆರದೆ.

ಬದುಕಿದ್ದಾಗ ಒಂದು ಗಳಿಗೆ ಕಾಲು ಮಡಚಿ ಕೂರಲಾರದವನನ್ನು ನಾವು ಶಾಶ್ವತವಾಗಿ ಕೂರಿಸಿಬಿಟ್ಟೆವು ಎಂಬ ಮಾತನ್ನು ಅವಳು ಗಂಡನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಆ ಮಾಘದಲ್ಲಿ ಒಂದು ಪತ್ರ ಬಂತು. ತಂದವರು ಬೆಳಗಾವಿ ದಂಡಿನ ಕ್ಯಾಂಪಿನ ಟಪಾಲು ಕಚೇರಿಯ ಗುಮಾಸ್ತ ಪಂಢರಿನಾಥರಾಯರು. ಅವರು ಮನೆಯಲ್ಲಿ ಮರಾಠಿ, ಪೇಟೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡುವವರು. ಮೂರರಲ್ಲೂ ಒಂದೇ ಸಮ ನಿಧಾನ. ಇಟಲಿಯಿಂದ ಒಬ್ಬ ಹೆಣ್ಣುಮಗಳು ಬಂದು ಕ್ಯಾಂಪಿನ ಪಾದ್ರಿಗಳ ಇಗರ್ಜಿಯ ಅತಿಥಿ ಮನೆಯಲ್ಲಿ ಇಳಿದಿದ್ದಾಳೆ; ಹೆಸರು ಕಾತೆರಿನಾ ಬೊನೆಟ್ಟಿ, ಪೇತ್ರಪ್ಪನ ತಮ್ಮನ ಮಗಳು. ಇಂಗ್ಲಿಷರ ಮನೆಯಲ್ಲಿ ಕೆಲವು ವರ್ಷ ಹೊಲಿಗೆ ಕೆಲಸ ಮಾಡಿದ್ದರಿಂದ ಅಷ್ಟಿಷ್ಟು ಇಂಗ್ಲಿಷ್ ಬರುತ್ತದೆ. ದೊಡ್ಡಪ್ಪನ ಎಲುಬನ್ನು ಊರಿಗೆ ಒಯ್ದು ಮನೆತನದ ಗೋರಿಯಲ್ಲಿ ಇಡಬೇಕೆಂಬುದು ಅವಳ ತಂದೆಯ ಕಡೆಯ ಮಾತು. ಇಗರ್ಜಿಯ ಒಪ್ಪಿಗೆ ಸಿಕ್ಕಿದೆ, ಕಲೆಕ್ಟರ ಕಚೇರಿಯ ಕಾಗದ ಸಿಕ್ಕಿದೆ. ಬರುವ ಗುರುವಾರ ಅಗೆಯುವುದು. ರಾಯರು ಇಷ್ಟನ್ನು ಹೇಳಿ, ಅಕ್ಕವ್ವ ಕೊಟ್ಟ ಮಜ್ಜಿಗೆ ಕುಡಿದು, ಹಿತ್ತಲಿನ ಛಪ್ಪರವನ್ನು ಒಂದು ಸುತ್ತು ಹಾಕಿ ನೋಡಿ ಸ್ಟೇಶನ್ನಿಗೆ ಹೋದರು.

ಅವರು ಹೋದ ಮೇಲೆ ಅಕ್ಕವ್ವ ಕೂತಲ್ಲಿಂದ ಏಳಲಿಲ್ಲ.

"ಇಪ್ಪತ್ತೆಂಟು ವರ್ಷ ಆತು," ಅಂದ ಭರಮಪ್ಪ. "ಎಲುಬಿಗೆ ತಾ ಕುಂತಿದ್ದೆನೋ ಮಲಗಿದ್ದೆನೋ ಏನ ನೆನಪಿರತೈತಿ? ಸುಮ್ನ ಇರು."

"ಇರತೈತ್ರಿ," ಅಂದಳು ಅಕ್ಕವ್ವ. "ಮಲಗಿದವನವು ಉದ್ದಕ್ಕ ಇರತಾವ. ಕುಂತವನವು ಒಂದ ಕಡೆ ಗುಂಪಾಗಿ ಇರತಾವ. ಕಂಡವರು ಏನಂತಾರ? ನಮ್ಮ ಸತ್ತವನ್ನ ಮುದುಡಿ ಹುಗದಾರ ಅಂತಾರ."

ಅವಳ ಹೆದರಿಕೆ ಅಷ್ಟಕ್ಕೇ ನಿಂತಿರಲಿಲ್ಲ ಎಂಬುದು ಭರಮಪ್ಪನಿಗೂ ಗೊತ್ತಿತ್ತು. ನಿಜವಾದ ಬೊನೆಟ್ಟಿ ಬಂದು ಕೂತಿರುವಾಗ ಊರು ಕೊಟ್ಟ ಬೊನೆಟ್ಟಿಗಳ ಗತಿ ಏನು? ಅವರ ಮನುಷ್ಯನನ್ನು ಕೆಡಿಸಿದವರು ಅವರ ಹೆಸರನ್ನು ಯಾವ ಮುಖದಿಂದ ಹೊರಬೇಕು?

ಸೋಮವಾರ ಬೆಳಿಗ್ಗೆ ಅಕ್ಕವ್ವ ಬೆಳಗಾವಿಗೆ ಹೊರಟಳು. ಅಗೆಯುವ ಮೊದಲೇ ಹೇಳಿಬಿಡಬೇಕು ಎಂದು ಮನಸ್ಸು ಮಾಡಿದ್ದಳು. ರೈಲಿನ ಕಿಟಕಿಯ ಹೊರಗೆ ಇದ್ದಲಹೊಂಡ, ದೇಸೂರು, ಗೊಬ್ಬರ ಹಾಕಿದ ಗದ್ದೆಗಳು, ಅಲ್ಲಲ್ಲಿ ಹಂಚಿನ ಮನೆಗಳು. ಬಿಸಿಲಿಗೆ ಕಣ್ಣು ಅರೆಮುಚ್ಚಿದರೆ ಮನೆಗಳ ಗೋಡೆ ಕಾಣುತ್ತಿರಲಿಲ್ಲ. ಕೆಂಪು ಛಪ್ಪರಗಳು ಮಾತ್ರ ಹೊಲದ ಮೇಲೆ ತೇಲುತ್ತ ಹಿಂದಕ್ಕೆ ಹೋಗುತ್ತಿದ್ದವು. ಅವುಗಳಲ್ಲಿ ಯಾವುವು ತನ್ನವು ಎಂದು ಬಣ್ಣದಿಂದಲೇ ಅವಳಿಗೆ ಗೊತ್ತಾಗುತ್ತಿತ್ತು. ಅಷ್ಟೂ ಜನ ಪೇತ್ರಪ್ಪನ ಹೆಸರಿನ ಕೆಳಗೆ ಮಲಗುತ್ತಾರೆ, ಮಕ್ಕಳನ್ನು ಹಡೆಯುತ್ತಾರೆ, ಅವರಿಗೆ ಅದು ಗೊತ್ತೂ ಇಲ್ಲ. ಈ ಯೋಚನೆ ಅವಳಿಗೆ ಮೊದಲು ಬಂದಿರಲಿಲ್ಲ. ಕ್ಯಾಂಪಿನ ಬಂಗಲೆಗಳ ಮೇಲೂ ಅದೇ ಹಂಚು. ಟಪಾಲು ಕಚೇರಿಯ ಮೇಲೂ ಅದೇ. ಪಂಢರಿನಾಥರಾಯರು ಕೊಡೆ ತೆಗೆದುಕೊಂಡು ಜೊತೆಗೆ ಬಂದರು.

ಅತಿಥಿ ಮನೆಯ ವರಾಂಡದಲ್ಲಿ ಕಪ್ಪು ಉಡುಪಿನ, ಐವತ್ತರ ಹತ್ತಿರದ ಒಬ್ಬ ಹೆಂಗಸು ಕಂಬಕ್ಕೆ ಭುಜ ಆನಿಸಿ ನಿಂತಿದ್ದಳು. ಹಿಂದೆ ಎರಡು ಬೆತ್ತದ ಕುರ್ಚಿ ಖಾಲಿ ಇದ್ದವು. ಅಕ್ಕವ್ವನ ಹೆಜ್ಜೆ ಅಲ್ಲೇ ನಿಂತಿತು. ಮುಖ ಬೇರೆ, ಕೂದಲು ಬೇರೆ, ನಿಂತ ರೀತಿ ಮಾತ್ರ ಮಾಯಪ್ಪನ ಪಡಸಾಲೆಯಲ್ಲಿ ನಿಂತದ್ದೇ.

ಭಟ್ಟಿಯ ಅಕ್ಕವ್ವ ಎಂದು ರಾಯರು ಪರಿಚಯ ಹೇಳಿದರು. ಅಡ್ಡಹೆಸರು ಹೇಳಲಿಲ್ಲ, ಅವಳೂ ಹೇಳಲಿಲ್ಲ. ಕಾತೆರಿನಾ ಅವಳ ಎರಡೂ ಕೈ ಹಿಡಿದು, ಅಂಗೈ ತಿರುಗಿಸಿ ನೋಡಿದಳು. ಆಮೇಲೆ ಬಹಳ ಹೊತ್ತು ಮಾತಾಡಿದಳು. ರಾಯರು ತುಂಡು ತುಂಡಾಗಿ ಕನ್ನಡಕ್ಕೆ ತಿರುಗಿಸಿದರು. ಹಳ್ಳಿಯ ಆ ಮನೆಯಲ್ಲಿ ಊಟಕ್ಕೆ ಕೂರುವವರು ಏಳು ಮಂದಿ, ಇದ್ದ ಸ್ಟೂಲು ಆರು. ಪಿಯೆತ್ರೋ ಹಿರಿಯವನು. ತಮ್ಮ ತಂಗಿಯರು ಕೂರಲಿ ಎಂದು ಅವನು ಯಾವಾಗಲೂ ನಿಂತೇ ಉಂಡ. ಊರು ಬಿಡುವ ದಿನವೂ ನಿಂತೇ ಉಂಡು ಹೊರಟ. ಅವನು ಹೋದ ಮೇಲೆ ಏಳು ಮಂದಿಯ ಮನೆ ಆರಾಯಿತು, ಸ್ಟೂಲು ಸರಿಹೋಯಿತು. ತನ್ನ ತಂದೆ ಸಾಯುವ ತನಕ ಇದನ್ನೇ ಹೇಳುತ್ತಿದ್ದ. ತಂದೆಗೆ ತಾನಲ್ಲದೆ ಇಬ್ಬರು ಗಂಡುಮಕ್ಕಳು. ಇಬ್ಬರೂ ದೊಡ್ಡ ಲಡಾಯಿಯಲ್ಲಿ ಹಿಮದ ಬೆಟ್ಟದ ಮೇಲೆ ಸತ್ತರು. ಮದುವೆಯಾಗದೆ ಉಳಿದವಳು ತಾನು. ಆ ಹೆಸರು ತನ್ನೊಂದಿಗೆ ಮುಗಿಯಿತು.

ರಾಯರು ಇಲ್ಲಿ ಕೆಮ್ಮಿ, ಮುಂದಿನದನ್ನು ಸ್ವಲ್ಪ ತಡೆದು ಹೇಳಿದರು. ಭಟ್ಟಿಯಲ್ಲಿ ಹೆಸರಿನ ತಗಡು ಒಂದು ಇದೆಯಂತೆ, ದೊಡ್ಡಪ್ಪ ಪತ್ರದಲ್ಲಿ ಬರೆದಿದ್ದ. ಅದನ್ನೂ ಕೊಟ್ಟರೆ ಎಲುಬಿನ ಜೊತೆ ಗೋರಿಯಲ್ಲಿ ಇಡಬೇಕೆಂದು ಆಸೆ. ಬೇಕಾದರೆ ಬೇರೆ ತಗಡು ಕೊರೆಸಿ ಕೊಡುತ್ತಾಳಂತೆ, ಅಕ್ಕವ್ವನ ಮನೆಯವರದೇ ಹೆಸರು ಹಾಕಿಸಿ.

ಅಕ್ಕವ್ವ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಹೇಳಬೇಕೆಂದು ರೈಲಿನಲ್ಲಿ ಜೋಡಿಸಿಕೊಂಡು ಬಂದ ಮಾತು ಬಾಯಲ್ಲಿ ಇರಲಿಲ್ಲ. ಮನೆಯಲ್ಲಿ ಕೇಳಿ ಹೇಳತೇನಿ ಎಂದಷ್ಟೇ ಅಂದು, ನಮಸ್ಕಾರ ಮಾಡಿ ಮೆಟ್ಟಿಲಿಳಿದಳು. ಸ್ಟೇಶನ್ನಿನ ತನಕ ರಾಯರು ಜೊತೆಗೆ ಬಂದರು. ರೈಲು ಹೊರಡುವಾಗ ಕಿಟಕಿಯ ಹತ್ತಿರ ಬಂದು, "ಆ ಹೆಣ್ಣಮಗಳಿಗೆ ನಿಮ್ಮ ಅಡ್ಡಹೆಸರು ಗೊತ್ತಿಲ್ಲ ಅಕ್ಕವ್ವಾ," ಅಂದರು. "ಅದನ್ನ ನಾ ಹೇಳೂದಲ್ಲ. ನೀವ ಹೇಳಬೇಕು."

ಬುಧವಾರ ಭಟ್ಟಿ ತೆರೆಯಬೇಕಾಗಿತ್ತು, ತೆರೆದರು. ಒಳ್ಳೆಯ ಬೇಯುವಿಕೆ, ಬಡಿದರೆ ಕಂಚಿನ ಸದ್ದು. ಮೊದಲು ಕೈಗೆ ಬಂದ ಹಂಚನ್ನು ಅಕ್ಕವ್ವ ಪದ್ಧತಿಯಂತೆ ಬೇರೆ ಇಟ್ಟಳು. ನಾಳೆ ಅಗೆಯುವ ಜಾಗದ ಮೇಲೆ ಇವತ್ತು ಹಂಚು ಹೊದಿಸುವುದೆಂತು? ಅದು ಪಡಸಾಲೆಯ ಕಟ್ಟೆಯ ಮೇಲೆ ಉಳಿಯಿತು. ಸಂಜೆ ಅವಳು ಅಚ್ಚಿನ ತಗಡನ್ನು ತೊಳೆದು, ಒರೆಸಿ, ತೊಡೆಯ ಮೇಲಿಟ್ಟುಕೊಂಡು ಕೂತಳು. ಹಿರಿಯ ಮಗಳು ಬಂದು, ಹೊಸ ತಗಡಿನಲ್ಲಿ ನಮ್ಮ ಹೆಸರು ಏನಂತ ಹಾಕಸತಾರ ಅವ್ವಾ, ಅಂತ ಕೇಳಿದಳು. ಅಕ್ಕವ್ವನಿಗೆ ಹೇಳಲು ಬೇರೆ ಹೆಸರು ಇರಲಿಲ್ಲ.

ಗುರುವಾರ ಬೆಳಗಿನ ಗಾಡಿಗೆ ಅವರು ಬಂದರು: ಕಾತೆರಿನಾ, ರಾಯರು, ಸನಿಕೆ ಗುದ್ದಲಿ ಹೊತ್ತ ಇಬ್ಬರು ಆಳುಗಳು, ಎಲುಬು ಇಡಲು ಒಂದು ಸಾಗವಾನಿ ಪೆಟ್ಟಿಗೆ. ಪೆಟ್ಟಿಗೆ ಚಿಕ್ಕದು, ನೀಳವಾದದ್ದು. ನದಿಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಹಿತ್ತಲಿನ ಸಣ್ಣ ಛಪ್ಪರ ಅದರಲ್ಲಿ ಮುಳುಗಿ, ಸ್ವಲ್ಪ ಕಂಡು, ಮತ್ತೆ ಮುಳುಗುತ್ತಿತ್ತು. ಕಾತೆರಿನಾ ಅದನ್ನು ನೋಡಿ ಕೈಯನ್ನು ಎದೆಗೊತ್ತಿಕೊಂಡು ನಿಂತಳು. ಇಷ್ಟು ಹಂಚು ಯಾಕೆ ಎಂದು ಕೇಳಿದಳು. ಭಟ್ಟಿ ತೆರೆದಾಗಲೆಲ್ಲ ಒಂದು ಎಂದು ರಾಯರು ಹೇಳಿದರು.

ಹಂಚನ್ನು ಆಳುಗಳು ಮುಟ್ಟುವುದು ಬೇಡ ಎಂದಳು ಅಕ್ಕವ್ವ. ತಾನೇ ಕೂತು ಒಂದೊಂದಾಗಿ ತೆಗೆಯತೊಡಗಿದಳು, ಮೇಲಿನವು ಹೊಸವು, ಆಮೇಲೆ ಹಸಿರು ಹಾವಸೆ ಕಟ್ಟಿದವು. ತೆಗೆದದ್ದನ್ನು ಸಾಲಾಗಿ ಹುಲ್ಲಿನ ಮೇಲೆ ಇಟ್ಟಳು. ಹತ್ತು, ಹದಿನೈದು, ಇಪ್ಪತ್ತು. ಭರಮಪ್ಪ ಗೋಡೆಗೆ ಒರಗಿ ನೋಡುತ್ತಿದ್ದ. ಇಪ್ಪತ್ತೊಂದನೆಯ ಹಂಚು ಕೈಯಲ್ಲಿದ್ದಾಗ ಅವಳು ನಿಲ್ಲಿಸಿದಳು. ಅದನ್ನು ಕೆಳಗಿಡಲಿಲ್ಲ.

"ರಾಯರ, ಆ ಪೆಟಗಿ ಉದ್ದ ಆತು," ಅಂದಳು. "ಅವ ಮಲಗಿಲ್ಲ. ಕುಂತಾನ."

ಒಂದು ಸಲ ಬಾಯಿಬಿಟ್ಟ ಮೇಲೆ ಉಳಿದದ್ದು ತಡೆಯಿಲ್ಲದೆ ಬಂತು. ಪ್ಲೇಗಿನ ಕಾವಲು, ಮಳೆ, ಬಾರದ ಪಾದ್ರಿ, ಅಪ್ಪನಿಗೆ ಗೊತ್ತಿದ್ದ ಒಂದೇ ರೀತಿ, ಉಪ್ಪು, ವಿಭೂತಿ, ಅಂಗೈಯಲ್ಲಿಟ್ಟ ಶಿಲುಬೆ. ಕಾಲು ಮಡಚಲು ಬಾರದವನ ಮೊಳಕಾಲನ್ನು ಅಪ್ಪ ಒತ್ತಿ ಹಿಡಿದದ್ದು. ಮಧ್ಯಾಹ್ನದ ಕನಸು. ರಾಯರು ಅವಸರ ಮಾಡದೆ ಒಂದೊಂದನ್ನೇ ಇಂಗ್ಲಿಷಿಗೆ ತಂದರು, ಯಾವುದನ್ನೂ ಬಿಡಲಿಲ್ಲ, ಯಾವುದನ್ನೂ ಮೆದು ಮಾಡಲಿಲ್ಲ. ಆಳುಗಳು ಸನಿಕೆ ಕೆಳಗಿಟ್ಟು ಬೀಡಿ ಹಚ್ಚಲೋ ಬೇಡವೋ ಎಂದು ನಿಂತರು.

ಕಾತೆರಿನಾ ಕೇಳಿದ್ದು ಒಂದೇ: ಹೇಗೆ ಕೂತಿದ್ದಾನೆ, ತೋರಿಸು.

ಅಕ್ಕವ್ವ ಹಂಚನ್ನು ಕೆಳಗಿಟ್ಟಳು. ದಿಬ್ಬದ ಬಾಜೂಕೆ ಹುಲ್ಲಿನ ಮೇಲೆ, ಭಟ್ಟಿಗೆ ಮುಖಮಾಡಿ, ಪದ್ಮಾಸನ ಹಾಕಿ, ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಕೂತಳು. ಕಣ್ಣು ಮುಚ್ಚಿಕೊಂಡಳು. ಮಂಜಿನೊಳಗೆ ಭಟ್ಟಿಯ ಬೂದಿಯ ವಾಸನೆ ಇತ್ತು. ಬಟ್ಟೆ ಸರಿದ ಸದ್ದಾಯಿತು. ಕಣ್ಣು ತೆರೆದಾಗ ಆ ಕಪ್ಪು ಉಡುಪಿನ ಹೆಂಗಸು ಪಕ್ಕದಲ್ಲಿ ನೆಲಕ್ಕೆ ಕೂತು, ಬೂಟಿನ ಕಾಲುಗಳನ್ನು ಮಡಚಲು ಹೆಣಗುತ್ತಿದ್ದಳು. ಎಡಗಾಲು ಹೇಗೋ ಮಡಚಿತು. ಬಲ ಮೊಳಕಾಲು ಮೇಲೆದ್ದು ನಿಂತಿತು.

ಅಕ್ಕವ್ವ ಅದರ ಮೇಲೆ ಕೈಯಿಟ್ಟಳು. ಒತ್ತಲಿಲ್ಲ. ಇಟ್ಟು ಹಾಗೇ ಹಿಡಿದಳು. ಸ್ವಲ್ಪ ಹೊತ್ತಿಗೆ ಅದು ತಾನಾಗಿ ಅರ್ಧ ಇಳಿಯಿತು.

ಇಬ್ಬರೂ ಭಟ್ಟಿಯನ್ನು ನೋಡುತ್ತ ಕೂತರು. ಅಲ್ಲಿಂದ ಕಾಣುವುದು ಭಟ್ಟಿಯ ಬಾಯಿ, ಅದರ ಮೇಲೆ ಅವನು ಕಟ್ಟಿದ ಕಲ್ಲಿನ ಕಮಾನು, ಆಚೆಗೆ ಒಣಗಲು ಇಟ್ಟ ಹಂಚಿನ ಸಾಲು. ಇಪ್ಪತ್ತೆಂಟು ವರ್ಷ ಅವನು ನೋಡುತ್ತ ಕೂತದ್ದು ಅದನ್ನೇ. ಕಾತೆರಿನಾ ಏನೋ ಅಂದಳು, ಮೆಲ್ಲಗೆ, ತನ್ನ ಭಾಷೆಯಲ್ಲಿ. ಆಮೇಲೆ ನೆನಪಾಗಿ ಇಂಗ್ಲಿಷಿನಲ್ಲಿ. ರಾಯರು ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿದರು.

"ನಮ್ಮ ಮನೆಯವರು ಯಾರೂ ಅವನಿಗೆ ಕೂಡ್ರಾಕ ಜಾಗಾ ಕೊಡಲಿಲ್ಲ ಅಂತಾಳ," ಅಂದರು. "ಕುಂತಿರಲಿ ಅಂತಾಳ."

ಪೆಟ್ಟಿಗೆಯನ್ನು ಆಳುಗಳು ಖಾಲಿಯೇ ಸ್ಟೇಶನ್ನಿಗೆ ಹೊತ್ತೊಯ್ದರು.

ಉಳಿದದ್ದು ತಗಡು. ಅಕ್ಕವ್ವ ಒಳಗೆ ಹೋಗಿ, ತೊಳೆದಿಟ್ಟಿದ್ದನ್ನು ತಂದು ಕಾತೆರಿನಾಳ ಮಡಿಲಲ್ಲಿಟ್ಟಳು. ಇಟ್ಟು, ಕೈ ಹಿಂದಕ್ಕೆ ತೆಗೆಯದೆ, ರಾಯರ ಕಡೆ ನೋಡಿ ಅಂದಳು:

"ಒಂದು ಮಾತು ಉಳದೈತಿ, ಹೇಳಿಬಿಡ್ರಿ. ನಮ್ಮ ಮನೆಯವರದೂ ಇದ ಹೆಸರ ಐತಿ. ಊರು ಕೊಟ್ಟದ್ದು. ನಾವು ಕೇಳಿಲ್ಲ, ಕೊಟ್ಟಮ್ಯಾಗ ಬಿಟ್ಟಿಲ್ಲ. ಆಕಿ ಬ್ಯಾಡ ಅಂದ್ರ ಬಿಡತೇವಿ."

ರಾಯರು ಹೇಳಿದರು. ಕಾತೆರಿನಾಗೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು. ಆಮೇಲೆ ಅವಳು ಚೀಲದಿಂದ ಒಂದು ಸಣ್ಣ ಪುಸ್ತಕ ತೆಗೆದಳು. ಮೊದಲ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಹೆಸರುಗಳಿದ್ದವು, ಒಂದೊಂದರ ಮುಂದೆ ಹುಟ್ಟಿದ ಇಸವಿ, ಹೋದ ಇಸವಿ. ಕೊನೆಯ ಹೆಸರು ಅವಳದು. ಅದರ ಕೆಳಗೆ ಜಾಗ ಖಾಲಿ ಇತ್ತು. ಎಷ್ಟು ಜನ ಇದ್ದೀರಿ ಎಂದು ಕೇಳಿದಳು. ಹನ್ನೊಂದು ಎಂದು ಭರಮಪ್ಪ ಗೋಡೆಯ ಹತ್ತಿರದಿಂದಲೇ ಹೇಳಿದ. ಎಲ್ಲರೂ ಹಿತ್ತಲಿಗೆ ಬಂದರು. ಅಕ್ಕವ್ವ, ಭರಮಪ್ಪ, ಮೂವರು ಮಕ್ಕಳು, ಚಿಕ್ಕಪ್ಪ ಬಾಳಪ್ಪ, ಅವನ ಹೆಂಡತಿ ಮಾಯಕ್ಕ, ಅವರ ಮಗ ಸೊಸೆ, ಇಬ್ಬರು ಮೊಮ್ಮಕ್ಕಳು. ರಾಯರು ಒಂದೊಂದು ಹೆಸರನ್ನು ನಿಧಾನವಾಗಿ ಉಚ್ಚರಿಸಿದರು, ಕಾತೆರಿನಾ ಒಂದೊಂದನ್ನೇ ಬರೆದುಕೊಂಡಳು. ಹುಟ್ಟಿದ ಇಸವಿ ಬಹಳ ಮಂದಿಗೆ ಗೊತ್ತಿರಲಿಲ್ಲ. ಪ್ಲೇಗಿನ ಹಿಂದಿನ ವರ್ಷ, ಸೇತುವೆ ಕಟ್ಟಿದ ವರ್ಷ ಎಂದು ಹೇಳಿದರು, ಹಾಗೆಯೇ ಬರೆದುಕೊಂಡಳು. ತನ್ನ ಸರದಿ ಬಂದಾಗ ಭರಮಪ್ಪ ಮುಂಡಾಸು ಸರಿಮಾಡಿಕೊಂಡ. "ನಾ ಅಳಿಯ ಬೊನೆಟ್ಟಿ ಅಂತ ಹೇಳ್ರಿ ರಾಯರ, ಲೆಕ್ಕ ತಪ್ಪೂದು ಬ್ಯಾಡ," ಅಂದ. ಆ ದಿನ ಮೊದಲ ಸಲ ಎಲ್ಲರೂ ನಕ್ಕರು.

ತಗಡನ್ನು ಅವಳು ಅಕ್ಕವ್ವನ ಕೈಗೇ ಹಿಂದಿರುಗಿಸಿದಳು. ಒಂದು ಹಂಚು ಕೊಡು ಎಂದಳು. ಅಕ್ಕವ್ವ 'ಹೂಂ' ಎನ್ನುವ ಮೊದಲು ಒಂದು ಕ್ಷಣ ನಿಂತಳು, ಏಕೆಂದರೆ ಕಟ್ಟೆಯ ಮೇಲೆ ಇದ್ದದ್ದು ಪೇತ್ರಪ್ಪನ ಪಾಲಿನ ಹಂಚು. ಆಮೇಲೆ ಅದನ್ನೇ ತಂದುಕೊಟ್ಟಳು. ಕಾತೆರಿನಾ ಅದನ್ನು ತನ್ನ ಶಾಲಿನಲ್ಲಿ ಸುತ್ತಿ, ಎಳೆಗೂಸನ್ನು ಎತ್ತಿಕೊಂಡಂತೆ ಎದೆಗೆ ಹಿಡಿದು ಮಧ್ಯಾಹ್ನದ ಗಾಡಿ ಹತ್ತಿದಳು. ಗಾಡಿ ಹೋದ ಮೇಲೂ ಸ್ಟೇಶನ್ನಿನ ಛಪ್ಪರದ ಕೆಳಗೆ ಅಕ್ಕವ್ವ ಸ್ವಲ್ಪ ಹೊತ್ತು ನಿಂತಿದ್ದಳು. ತೆಗೆದ ಇಪ್ಪತ್ತೊಂದು ಹಂಚುಗಳನ್ನು ಸಂಜೆಯೊಳಗೆ ಮತ್ತೆ ಹೊದಿಸಿದಳು.

ಹೊಸದಾಗಿ ಬರಬೇಕಾಗಿದ್ದ ಹಂಚಿನ ಜಾಗ ಮಾತ್ರ, ನೆತ್ತಿಯ ಹತ್ತಿರ, ಒಂದು ಗೇಣಿನಷ್ಟು ತೆರೆದೇ ಉಳಿಯಿತು. ಆ ಬೇಸಿಗೆಯಲ್ಲಿ ಇನ್ನೂ ಎರಡು ಭಟ್ಟಿ ತೆರೆದರು. ಅವುಗಳ ಮೊದಲ ಹಂಚನ್ನು ಅವಳು ಅದರ ಆಚೀಚೆ ಇಟ್ಟಳು. ಜ್ಯೇಷ್ಠದಲ್ಲಿ ಮಳೆ ಹಿಡಿದಾಗ ನೀರು ಆ ಸಂದಿನಿಂದ ಒಳಗಿಳಿಯತೊಡಗಿತು. ಭರಮಪ್ಪ ಕಂಬಳಿ ಹೊದ್ದು ಒಂದು ಹಂಚು ಹಿಡಿದು ಹೊರಟ. ಎಲುಬು ನೆನೆದರೆ ಜೋಮು ಜಾಸ್ತಿ ಆಗತೈತಿ ಎಂದು ಅವನ ಚೇಷ್ಟೆ. ಆದರೆ ಆ ಕನಸು ಮಾಘದಿಂದ ಈಚೆಗೆ ಅವಳಿಗೆ ಬಿದ್ದಿರಲಿಲ್ಲ.

ಅಕ್ಕವ್ವ ಬಾಗಿಲಲ್ಲೇ ಅವನನ್ನು ತಡೆದಳು.

"ಅಲ್ಲಿ ಹಂಚು ಐತ್ರಿ," ಅಂದಳು. "ಊರಿಗೆ ಹೋಗೈತಿ."